ಗೋವಿನಜೋಳ: ಒಂದು ಶಬ್ದವಿಚಾರ

1

ಒಂದು ಭಾಷೆಯ ಶಬ್ದಭಂಡಾರದಲ್ಲಿ ಬೆಳೆಗಳ ಹೆಸರುಗಳಿಗೆ ವಿಶೇಷವಾದ ಸ್ಥಾನವುಂಟು. ರಾಜವಂಶಗಳು ಅಳಿದು ನಾಡುಗಳ ಎಲ್ಲೆಗಳು ಬದಲಾದ ಮೇಲೆಯೂ ಒಕ್ಕಲಿಗನ ಬಾಯಲ್ಲಿ ಕಾಳುಕಡಿಗಳ ಹೆಸರು ಉಳಿದುಬರುತ್ತದೆ. ಆದುದರಿಂದಲೇ ಕೃಷಿಸಸ್ಯಗಳ ಮೂಲವನ್ನು ಶೋಧಿಸಿದ ಆಲ್ಫಾನ್ಸ್ ದ ಕಾಂದೋಲನು 1882ರಲ್ಲಿ ಪ್ರಕಟಿಸಿದ ತನ್ನ ಗ್ರಂಥದಲ್ಲಿ ಸಸ್ಯಶಾಸ್ತ್ರ, ಪ್ರಾಕ್ತನಶೋಧನೆ, ಇತಿಹಾಸ ಇವುಗಳೊಡನೆ ಭಾಷಾಶಾಸ್ತ್ರವನ್ನೂ ಸಾಕ್ಷಿಗೆ ಕರೆದನು. ಆದರೆ ಬಳಕೆಯ ಹೆಸರುಗಳು ಅನೇಕ ವೇಳೆ ತಪ್ಪುದಾರಿಗೆಳೆಯುವುವೆಂಬುದನ್ನೂ ಆತನೇ ತೋರಿಸಿಕೊಟ್ಟನು. ಈ ಎರಡು ಮಾತುಗಳನ್ನೂ ಒಂದೇ ಶಬ್ದದಲ್ಲಿ ಪರೀಕ್ಷಿಸಿ ನೋಡಲು ಕನ್ನಡಿಗರಿಗೆ ಒಂದು ಉತ್ತಮ ನಿದರ್ಶನವು ಕೈಗೆ ಎಟಕುವಂತಿದೆ. ಅದೇ ಗೋವಿನಜೋಳವೆಂಬ ಶಬ್ದ.

ಹಾನಗಲ್ಲು, ಶಿಗ್ಗಾಂವಿ, ಸವಣೂರು, ಹಿರೇಕೆರೂರು ಸೀಮೆಗಳಲ್ಲಿಯೂ ಅವುಗಳ ನೆರೆಯ ಧಾರವಾಡ ಗದಗುಗಳ ಕಡೆಯಲ್ಲಿಯೂ ಗೋವಿನಜೋಳವೆಂದು ಹೆಸರಾದ ಧಾನ್ಯವನ್ನೇ ಹಳೆಯ ಮೈಸೂರಿನವರು ಮುಸುಕಿನಜೋಳವೆನ್ನುವರು. ಪಠ್ಯಪುಸ್ತಕಗಳಲ್ಲಿಯೂ ಸರಕಾರದ ಕಾಗದಪತ್ರಗಳಲ್ಲಿಯೂ ಮೆಕ್ಕೆಜೋಳವೆಂಬ ಹೆಸರು ಹೆಚ್ಚಾಗಿ ಕಾಣಬರುತ್ತದೆ. ಇಂಗ್ಲಿಷಿನಲ್ಲಿ ಇದು ‘ಮೇಯ್ಜ್’. ಈ ಇಂಗ್ಲಿಷ್ ಶಬ್ದವು ಸ್ಪಾನಿಷ್ ಭಾಷೆಯಿಂದ ಬಂದದ್ದು; ಸ್ಪಾನಿಷಿಗೆ ಅದು ಬಂದದ್ದು ಅಟ್ಲಾಂಟಿಕ್ ಸಾಗರದ ಆಚೆಯ ದ್ವೀಪವಾಸಿಗಳ ನುಡಿಯಿಂದ. ಒಂದೇ ಕಾಳು, ಒಂದೇ ಮೂಲ. ಆದರೆ ಇಂಗ್ಲಿಷಿನಲ್ಲಿ ಮೂಲದ ಹೆಸರು ಉಳಿಯಿತು, ಕನ್ನಡದಲ್ಲಿ ಉಳಿಯಲಿಲ್ಲ. ಇದಕ್ಕೆ ಕಾರಣವೇನು? ಗೋವಿನಜೋಳವೆಂಬಲ್ಲಿ ‘ಗೋವಿನ’ ಎಂಬುದರ ಅರ್ಥವೇನು? ಈ ಎರಡು ಪ್ರಶ್ನೆಗಳು ಬೇರೆಬೇರೆಯಾಗಿ ತೋರಿದರೂ ಮೊದಲನೆಯದನ್ನು ಬಿಡಿಸದೆ ಎರಡನೆಯದನ್ನು ಬಿಡಿಸಲಾಗದು.

2

ಈ ಧಾನ್ಯದ ಮೂಲಸ್ಥಾನವು ಮೆಕ್ಸಿಕೊ ದೇಶ. ಅಲ್ಲಿಯ ಬಾಲ್ಸಾಸ್ ನದಿಯ ಕಣಿವೆಯಲ್ಲಿ ‘ತೆಯೊಸಿಂತೆ’ ಎಂಬ ಕಾಡುಹುಲ್ಲಿನಿಂದ ಸುಮಾರು 9000 ವರ್ಷಗಳ ಹಿಂದೆ ಅಲ್ಲಿಯ ಜನರು ಇದನ್ನು ಪಳಗಿಸಿದರೆಂದು ಇಂದಿನ ಸಸ್ಯವಿಜ್ಞಾನಿಗಳು ನಿರ್ಣಯಿಸಿದ್ದಾರೆ. ಅಲ್ಲಿಂದ ಅದು ಅಮೆರಿಕದ ಎರಡು ಖಂಡಗಳಲ್ಲಿಯೂ ಕರೀಬಿಯನ್ ದ್ವೀಪಗಳಲ್ಲಿಯೂ ಹರಡಿತು. 1492ರಲ್ಲಿ ಕೊಲಂಬಸನು ಆ ದ್ವೀಪಗಳನ್ನು ಮುಟ್ಟಿದಾಗ ಅಲ್ಲಿದ್ದ ಟಾಯ್ನೊ ಎಂಬ ಜನರು ಈ ಕಾಳನ್ನು ‘ಮಹೀಸ್’ ಎಂಬುದನ್ನು ಹೋಲುವ ಹೆಸರಿನಿಂದ ಕರೆಯುತ್ತಿದ್ದರು. ಸ್ಪೇನಿನವರು ಮೊದಲು ಅದನ್ನು ತಮ್ಮ ನಾಡಿನ ಸಣ್ಣಕಾಳೊಂದರ ಹೆಸರಾದ ‘ಪನೀಸೊ’ ಎಂಬುದರೊಡನೆ ಹೋಲಿಸಿ ನೋಡಿದರು. ಹೊಸ ವಸ್ತುವಿಗೆ ಹಳೆಯ ಹೆಸರನ್ನು ಹೊಂದಿಸುವ ಈ ಪ್ರಯತ್ನವು ಎಲ್ಲ ಜನರಲ್ಲಿಯೂ ಸಹಜವಾದುದು. ಆದರೆ ಆ ದ್ವೀಪಗಳಲ್ಲಿಯೇ ನೆಲಸಿ, ಅಲ್ಲಿಯವರ ಕೈಯ ಆಹಾರವನ್ನೇ ಉಂಡ ಸ್ಪೇನಿನವರಿಗೆ ಸ್ಥಳೀಯರ ಹೆಸರೇ ಬಾಯಿಗೆ ಹತ್ತಿತು. ಹೀಗೆ ಸ್ಪಾನಿಷಿನಲ್ಲಿ ‘ಮಾಈಸ್’ ಎಂಬ ಶಬ್ದವು ನೆಲೆಗೊಂಡಿತು.

ಕೊಲಂಬಸನ ಮತ್ತು ಆತನ ಅನಂತರದ ಯಾತ್ರೆಗಳ ವೃತ್ತಾಂತವನ್ನು ಲ್ಯಾಟಿನ್ ಭಾಷೆಯಲ್ಲಿ ಬರೆದ ಪೀಟರ್ ಮಾರ್ಟಿರನು ಈ ಹೆಸರನ್ನು ಲ್ಯಾಟಿನ್ ರೂಪಕ್ಕೆ ತಿದ್ದಿ ದಾಖಲಿಸಿದನು. ಆತನ ಗ್ರಂಥವನ್ನು ರಿಚರ್ಡ್ ಈಡನ್ನನು 1555ರಲ್ಲಿ ಇಂಗ್ಲಿಷಿಗೆ ತಂದನು. ಇಂಥ ಅನುವಾದಗಳ ಮೂಲಕವೂ ಸಮುದ್ರಯಾನಿಗಳ ಮಾತುಗಳ ಮೂಲಕವೂ 16ನೆಯ ಶತಮಾನದ ಮಧ್ಯಭಾಗದಿಂದೀಚೆಗೆ ಆ ಶಬ್ದವು ಇಂಗ್ಲಿಷಿನಲ್ಲಿ ಬೇರೂರಿತು. 1753ರಲ್ಲಿ ಲಿನೇಯಸನು ಸಸ್ಯಗಳಿಗೆ ಶಾಸ್ತ್ರೀಯ ನಾಮಗಳನ್ನು ಕೊಡುವಾಗ ಇದನ್ನು ‘ಜೀಯ ಮೇಸ್’ ಎಂದು ಕರೆದನು. ಇದರಲ್ಲಿ ಮೊದಲ ಪದವು ಗ್ರೀಕರ ಒಂದು ಧಾನ್ಯದ ಹೆಸರು. ಎರಡನೆಯದು ಟಾಯ್ನೊ ಜನರ ಶಬ್ದ. ಹೀಗೆ ಜಗತ್ತಿನ ಎಲ್ಲ ವಿದ್ಯಾಲಯಗಳಲ್ಲಿಯೂ ಆ ದ್ವೀಪವಾಸಿಗಳ ಮಾತೊಂದು ದಿನವೂ ಉಚ್ಚರಿಸಲ್ಪಡುತ್ತಿದೆ.

ಆ ಜನರ ಗತಿಯಾದರೋ ಶೋಚನೀಯವಾಯಿತು. ಯುದ್ಧ, ಬಿಟ್ಟಿಯ ದುಡಿಮೆ, ಹೊಸ ರೋಗಗಳು ಇವುಗಳಿಂದ ಕೆಲವೇ ದಶಕಗಳಲ್ಲಿ ಅವರ ಸಂಖ್ಯೆಯು ತೀರ ಕುಂದಿತು. ಅವರ ನುಡಿಯು ಆಡುಭಾಷೆಯಾಗಿ ಉಳಿಯಲಿಲ್ಲ. ತಂಬಾಕು, ದೋಣಿ, ತೂಗುಮಂಚ, ಬಿರುಗಾಳಿ ಇವುಗಳಿಗಿರುವ ಇಂಗ್ಲಿಷ್ ಹೆಸರುಗಳಾದ ಟೊಬ್ಯಾಕೊ, ಕನೂ, ಹ್ಯಾಮಕ್, ಹರಿಕೇನ್ ಎಂಬುವೂ ಆ ದ್ವೀಪಗಳಿಂದಲೇ ಸ್ಪಾನಿಷಿನ ಮೂಲಕ ಹೊರಟು ಬಂದ ಶಬ್ದಗಳು. ಒಂದು ಜನಾಂಗದ ನುಡಿಯು ಅಡಗಿದ ಮೇಲೆ ಅದರ ಕೆಲವು ಶಬ್ದಗಳು ಪರರ ಬಾಯಲ್ಲಿ ಬದುಕಿದವೆಂಬುದು ಈ ವಿಷಯದಲ್ಲಿ ಮರೆಯಬಾರದ ಸಂಗತಿ.

3

ಎಲ್ಲ ದೇಶಗಳವರೂ ಇಂಗ್ಲಿಷರಂತೆ ಮೂಲದ ಹೆಸರನ್ನು ಹಿಡಿಯಲಿಲ್ಲ. ಯೂರೋಪಿನ ಬಹುಭಾಗದಲ್ಲಿ ಈ ಕಾಳು ತುರ್ಕಿಯಿಂದ ಬಂದಿತೆಂಬ ಭ್ರಾಂತಿಯು ಹರಡಿತು. 1542ರಲ್ಲಿ ಜರ್ಮನ್ ಸಸ್ಯಜ್ಞನಾದ ಫುಕ್ಸನು ಇದನ್ನು ತುರ್ಕರ ಧಾನ್ಯವೆಂದೇ ವರ್ಣಿಸಿದನು. ಇಟಲಿಯವರಿಗೆ ಇದು ಇಂದಿಗೂ ‘ಗ್ರಾನ್‌ತುರ್ಕೊ’, ಎಂದರೆ ತುರ್ಕಿಯ ಧಾನ್ಯ. ಫ್ರೆಂಚರಲ್ಲಿಯೂ ತುರ್ಕಿಯ ಗೋದಿಯೆಂಬ ಹೆಸರು ರೂಢಿಯಲ್ಲಿದ್ದಿತು. ಇಂಗ್ಲೆಂಡಿನ ಜಾನ್ ಜೆರಾರ್ಡನು 1597ರ ತನ್ನ ಮೂಲಿಕಾಗ್ರಂಥದಲ್ಲಿ ‘ತುರ್ಕಿಯ ಕಾಳು’ ಎಂಬ ತಲೆಬರೆಹವನ್ನೇ ಕೊಟ್ಟು, ಅದರ ಕೆಳಗೆ ಇದು ತುರ್ಕರ ನಾಡಿನಿಂದ ಬಂದುದಲ್ಲ, ಅಮೆರಿಕದಿಂದ ಬಂದುದೆಂದು ಸ್ಪಷ್ಟಪಡಿಸಿದನು. ತಲೆಬರೆಹವೊಂದು, ವಸ್ತುಸ್ಥಿತಿ ಇನ್ನೊಂದು! ಇತ್ತ ತುರ್ಕರಾದರೋ ಇದನ್ನು ‘ಮಿಸಿರ್’ ಎಂದರು. ಆ ಶಬ್ದಕ್ಕೆ ಈಜಿಪ್ತ ದೇಶವೆಂದು ಅರ್ಥ. ಈಜಿಪ್ತದವರು ಇದನ್ನು ಶಾಮದ, ಎಂದರೆ ಸಿರಿಯಾದ ಜೋಳವೆಂದು ಕರೆದರು. ಒಬ್ಬೊಬ್ಬರೂ ತಮ್ಮ ಪಕ್ಕದವರ ಕಡೆಗೆ ಬೆರಳು ತೋರಿದರಲ್ಲದೆ ಯಾರ ಬೆರಳೂ ಸಾಗರದಾಚೆಗೆ ಚಾಚಲಿಲ್ಲ.

ಇದರಿಂದ ಒಂದು ಸೂತ್ರವು ಹೊರಡುತ್ತದೆ. ಹೊರಗಿನಿಂದ ಬಂದ ವಸ್ತುವಿಗೆ ಜನರು ದೇಶದ ಹೆಸರನ್ನು ಹಚ್ಚಿದಾಗ ಆ ಹೆಸರು ವಸ್ತುವು ಹುಟ್ಟಿದ ದೇಶವನ್ನು ತಿಳಿಸುವುದು ವಿರಳ. ಅದನ್ನು ತಂದುಕೊಟ್ಟವರ ದೇಶವನ್ನೋ, ತಂದುಕೊಟ್ಟರೆಂದು ಜನರು ಭಾವಿಸಿದವರ ದೇಶವನ್ನೋ ತಿಳಿಸುವುದೇ ಹೆಚ್ಚು. ಕನ್ನಡದ ಪರಂಗಿಹಣ್ಣು ಇದಕ್ಕೆ ಒಳ್ಳೆಯ ಉದಾಹರಣೆ. ಪರಂಗಿಯವರ ನಾಡಿನಲ್ಲಿ ಆ ಹಣ್ಣು ಬೆಳೆಯುತ್ತಿರಲಿಲ್ಲ. ಅವರ ಹಡಗಿನಲ್ಲಿ ಅದು ಬಂದಿತು, ಅಷ್ಟೆ.

4

ಭಾರತಕ್ಕೆ ಈ ಧಾನ್ಯವನ್ನು 16ನೆಯ ಶತಮಾನದಲ್ಲಿ ತಂದವರು ಪೋರ್ತುಗೀಸರೆಂಬುದು ವಿದ್ವಾಂಸರಲ್ಲಿ ಬಹುಮತವಾದ ಅಭಿಪ್ರಾಯ. 1510ರಲ್ಲಿ ಆಲ್ಬುಕರ್ಕನು ಗೋವೆಯನ್ನು ಹಿಡಿದ ಮೇಲೆ ಆ ಪಟ್ಟಣವು ಅವರ ಪೂರ್ವದೇಶದ ವ್ಯಾಪಾರಕ್ಕೆ ಕೇಂದ್ರವಾಯಿತು. ಅಲ್ಲಿಂದಲೂ ಹೊನ್ನಾವರ ಭಟ್ಕಳಗಳಿಂದಲೂ ಘಟ್ಟವನ್ನೇರಿದ ಸರಕು ಬಯಲುಸೀಮೆಗೆ ಬರುತ್ತಿತ್ತು. ಈಗ ಶಿಗ್ಗಾಂವಿ ತಾಲ್ಲೂಕಿಗೆ ಸೇರಿದ ಬಂಕಾಪುರವು ಕರಾವಳಿಯಿಂದ ವಿಜಯನಗರಕ್ಕೆ ಹೋಗುವ ದಾರಿಯಲ್ಲಿದ್ದ ಮುಖ್ಯ ಸ್ಥಳ. ಅದರ ಹೆಸರು ಪೋರ್ತುಗೀಸರ ಬರೆಹಗಳಲ್ಲಿಯೂ ದೊರೆಯುತ್ತದೆ. ಗೋವೆಯ ಸಂಪರ್ಕವು ಈ ಸೀಮೆಯ ನುಡಿಯ ಮೇಲೆ ಬಿಟ್ಟ ಗುರುತುಗಳೂ ಕಡಮೆಯಲ್ಲ. ಸಂಬಳಕ್ಕೆ ಪಗಾರ, ಬೀಗದಕೈಗೆ ಚಾವಿ, ಕ್ರೈಸ್ತ ಗುರುವಿಗೆ ಪಾದ್ರಿ, ಇವೆಲ್ಲವೂ ಪೋರ್ತುಗೀಸರ ಮಾತುಗಳೇ. ಏಷ್ಯದ ಭಾಷೆಗಳಲ್ಲಿ ಸೇರಿರುವ ಇಂಥ ಶಬ್ದಗಳನ್ನು ಗೋವೆಯ ವಿದ್ವಾಂಸರಾದ ಸೆಬಾಸ್ತಿಯಾವ್ ರೊಡೊಲ್ಫೊ ದಲ್ಗಾದೊ ಅವರು 1913ರಲ್ಲಿ ಒಂದು ಕೋಶವಾಗಿ ಸಂಗ್ರಹಿಸಿದರು.

ಹೀಗಿರಲು, ಪೋರ್ತುಗೀಸರ ಮೂಲಕ ಟಾಯ್ನೊ ಜನರ ಹೆಸರೂ ಕನ್ನಡಕ್ಕೆ ಏಕೆ ಬರಲಿಲ್ಲವೆಂಬ ಪ್ರಶ್ನೆಯು ಏಳುತ್ತದೆ. ಇದರ ಉತ್ತರವು ಪೋರ್ತುಗೀಸ್ ಭಾಷೆಯಲ್ಲಿಯೇ ಇದೆ. ಸ್ಪೇನಿನವರು ‘ಮಾಈಸ್’ ಎಂದದ್ದನ್ನು ಪೋರ್ತುಗೀಸರು ‘ಮಿಲ್ಯು’ ಎಂದರು. ಇದು ಸಜ್ಜೆ, ಬರಗು ಮೊದಲಾದ ಕಿರುಧಾನ್ಯಗಳಿಗೆ ಲ್ಯಾಟಿನ್ನಿನಿಂದ ಬಂದ ಅವರ ಹಳೆಯ ಹೆಸರು. ಎಂದರೆ ಸ್ಪೇನಿನವರು ತೊರೆದ ಮಾರ್ಗವನ್ನು ಪೋರ್ತುಗೀಸರು ಹಿಡಿದರು: ಹೊಸ ಕಾಳನ್ನು ತಮ್ಮ ಮನೆಯ ಹಳೆಯ ಹೆಸರಿನಿಂದ ಕರೆದರು. ಗೋವೆಗೆ ಹಡಗು ಬರುವ ಮೊದಲೇ ಮೂಲದ ಹೆಸರು ಆ ದಾರಿಯಲ್ಲಿ ಕಳೆದುಹೋಗಿತ್ತು. ಮಿಲ್ಯು ಎಂದು ಕೇಳಿದವನಿಗೆ ಅದೊಂದು ಹೊಸ ನಾಮಧೇಯವೆಂದು ತೋರುವುದಕ್ಕಿಂತ ಧಾನ್ಯವೆಂಬ ಸಾಮಾನ್ಯಾರ್ಥವೇ ಮುಂದೆ ನಿಲ್ಲುತ್ತಿತ್ತು. ಅದಕ್ಕೆ ಕನ್ನಡಿಗನು ತನ್ನ ಜೋಳವನ್ನು ಪ್ರತಿಯಾಗಿ ಇಟ್ಟನು.

ಈ ವಿವರಣೆಯು ಕೇವಲ ಊಹೆಯಲ್ಲವೆಂಬುದಕ್ಕೆ ಬೇರೆ ಬೆಳೆಗಳ ಹೆಸರುಗಳೇ ಆಧಾರ. ಟಾಯ್ನೊ ಜನರು ಸಿಹಿಗೆಣಸಿಗೆ ‘ಬಟಾಟ’ ಎನ್ನುತ್ತಿದ್ದರು. ಸ್ಪಾನಿಷಿನಿಂದ ಇಂಗ್ಲಿಷಿಗೆ ಹೋಗಿ ಅದು ‘ಪೊಟೇಟೊ’ ಆಯಿತು. ಪೋರ್ತುಗೀಸರೂ ಈ ಹೆಸರನ್ನು ಬಿಡದೆ ‘ಬಟಾಟ’ ಎಂದೇ ಉಳಿಸಿಕೊಂಡರು. ಆದಕಾರಣ ಕನ್ನಡದ ಕರಾವಳಿಯಲ್ಲಿ ಬಟಾಟೆ, ಉತ್ತರದ ಸೀಮೆಯಲ್ಲಿ ಬಟಾಟಿ ಎಂದು ಅದು ಆಲೂಗಡ್ಡೆಗೆ ಹೆಸರಾಗಿ ನಿಂತಿತು. ಪಪ್ಪಾಯಿಯೂ ಹಾಗೆಯೇ. ಇದಕ್ಕೆ ವಿರುದ್ಧವಾದುದು ಮೆಣಸಿನಕಾಯಿಯ ಕಥೆ. ಮೆಕ್ಸಿಕೊದ ನಾವಾತ್ಲ್ ಭಾಷೆಯ ಹೆಸರನ್ನು ಸ್ಪೇನಿನವರು ‘ಚಿಲೆ’ ಎಂದು ಉಳಿಸಿಕೊಂಡರು. ಅದೇ ಇಂಗ್ಲಿಷಿನ ‘ಚಿಲ್ಲಿ’. ಪೋರ್ತುಗೀಸರು ಅದನ್ನು ಕಾಳುಮೆಣಸಿನ ಹೆಸರಾದ ‘ಪಿಮೆಂತ’ ಎಂಬುದರಿಂದಲೇ ಕರೆದರು. ಕನ್ನಡಿಗರೂ ತಮ್ಮ ಮೆಣಸಿನ ಹೆಸರಿನ ಮೇಲೆ ‘ಕಾಯಿ’ಯನ್ನಿಟ್ಟು ಮೆಣಸಿನಕಾಯಿಯೆಂದರು. ಬ್ಯಾಡಗಿಯ ಪೇಟೆಯಲ್ಲಿ ರಾಶಿಬೀಳುವ ಕೆಂಪು ಕಾಯಿಗೂ ಸವಣೂರಿನ ಹೊಲದ ಗೋವಿನಜೋಳಕ್ಕೂ ಹೆಸರು ಬಂದ ರೀತಿ ಒಂದೇ. ಪೋರ್ತುಗೀಸರು ಮೂಲನಾಮವನ್ನು ಉಳಿಸಿಕೊಂಡ ಎಡೆಯಲ್ಲಿ ಕನ್ನಡಕ್ಕೂ ಅದು ಬಂದಿದೆ. ಅವರು ಕಳೆದ ಎಡೆಯಲ್ಲಿ ಕನ್ನಡಕ್ಕೂ ಅದು ಇಲ್ಲ. ಪೇರಲವೆಂಬ ಹಣ್ಣು ಈ ನಿಯಮಕ್ಕೆ ಅಪವಾದದಂತೆ ತೋರಬಹುದು. ಏಕೆಂದರೆ ಅದಕ್ಕೆ ಪೋರ್ತುಗೀಸಿನಲ್ಲಿ ‘ಗೊಯಾಬ’ ಎಂಬ ಅಮೆರಿಕದ ಹೆಸರುಂಟು. ಆದರೆ ಭಾರತದಲ್ಲಿದ್ದ ಪೋರ್ತುಗೀಸರು ಅದನ್ನು ‘ಪೇರ’ ಎಂಬ ತಮ್ಮ ನಾಡಿನ ಹಣ್ಣಿನ ಹೆಸರಿನಿಂದ ಕರೆದರೆಂದು ತಿಳಿದುಬರುವುದರಿಂದ ಆ ಅಪವಾದವೂ ನಿಯಮಕ್ಕೇ ಒಲಿಯುತ್ತದೆ.

5

ಇನ್ನು ಕನ್ನಡದ ಹೆಸರುಗಳನ್ನು ವಿಚಾರಿಸಬೇಕು. ಮೂರು ಹೆಸರುಗಳಲ್ಲಿಯೂ ಉತ್ತರಪದವು ಜೋಳ. ಕನ್ನಡಿಗನಿಗೆ ಜೋಳವು ಬರಿಯ ಒಂದು ಕಾಳಲ್ಲ. ಅದು ಅನ್ನಕ್ಕೇ ಪರ್ಯಾಯವಾದ ಶಬ್ದ. ಒಡೆಯನ ಅನ್ನದ ಋಣವನ್ನು ಪ್ರಾಣಕೊಟ್ಟು ತೀರಿಸುವ ವೀರನ ಧರ್ಮಕ್ಕೆ ಹಳಗನ್ನಡದಲ್ಲಿ ಜೋಳವಾಳಿಯೆಂದು ಹೆಸರು. ಈ ಜೋಳವೂ ಮೂಲತಃ ಆಫ್ರಿಕದ ಬೆಳೆಯೆಂದೂ ಸಾವಿರಾರು ವರ್ಷಗಳ ಹಿಂದೆ ಭಾರತಕ್ಕೆ ಬಂದಿತೆಂದೂ ಇಂದಿನ ಶೋಧನೆಗಳಿಂದ ತಿಳಿಯುತ್ತದೆ. ಜೋಳವೆಂಬುದು ಸಂಸ್ಕೃತದ ಯಾವನಾಲದ ತದ್ಭವವೆಂದು ಕೆಲವು ಪಂಡಿತರು ಎಣಿಸುತ್ತಾರೆ. ಆ ಮತವನ್ನು ಒಪ್ಪಿದರೆ, ಕನ್ನಡಿಗನ ಮನೆಯ ಅತ್ಯಂತ ಹಳೆಯ ಕಾಳಿನ ಹೆಸರೂ ಯವನರೆಂಬ ಪರದೇಶದವರ ಕಡೆಗೆ ಬೆರಳು ತೋರಿಸುವಂತಿದೆ. ಹಿಂದೆ ಬಂದ ಅತಿಥಿಯು ಮನೆಯವನಾಗಿ, ಅನಂತರ ಬಂದ ಅತಿಥಿಗೆ ತನ್ನ ಹೆಸರನ್ನು ಕೊಟ್ಟನೆನ್ನಬಹುದು.

ಪರಿಚಿತವಾದ ಹೆಸರಿಗೆ ವಿಶೇಷಣವನ್ನು ಸೇರಿಸಿ ಅಪರಿಚಿತವನ್ನು ಕರೆಯುವ ಈ ಪದ್ಧತಿಗೆ ಸವಣೂರಿನಲ್ಲಿಯೇ ಇನ್ನೊಂದು ಸಾಕ್ಷಿಯುಂಟು. ಅಲ್ಲಿಯ ದೊಡ್ಡಹುಣಸೆ ಕಲ್ಮಠದ ಆವರಣದಲ್ಲಿ ಬೃಹದಾಕಾರದ ಮೂರು ಮರಗಳಿವೆ. ಅವು ಆಫ್ರಿಕದಿಂದ ಬಂದ ಬಾವೊಬಾಬ್ ಮರಗಳು. ಹುಣಸೆಗೂ ಅವಕ್ಕೂ ಕುಲಸಂಬಂಧವಿಲ್ಲ. ಆದರೂ ಕಾಯಿಯೊಳಗಿನ ಹುಳಿಯನ್ನು ಕಂಡು ಜನರು ದೊಡ್ಡಹುಣಸೆಯೆಂದರು. ಮಠಕ್ಕೂ ಅದೇ ಹೆಸರಾಯಿತು. ಮರದ ತವರನ್ನು ಹೇಳುವ ಗೋಜಿಗೆ ಹೋಗದೆ ನೋಟ ಮತ್ತು ರುಚಿಗಳಿಂದಲೇ ಹೆಸರನ್ನು ಕಟ್ಟಿದುದು ಇಲ್ಲಿ ಗಮನಿಸತಕ್ಕ ವಿಷಯ.

ಹಳೆಯ ಮೈಸೂರಿನ ಮುಸುಕಿನಜೋಳವು ಇದೇ ಜಾತಿಯ ಹೆಸರು. ಜೋಳದ ತೆನೆಯು ತೆರೆದ ಮುಖದ್ದು. ಇದರ ತೆನೆಯು ಸಿಪ್ಪೆಯ ಮುಸುಕನ್ನು ಹೊದ್ದಿರುವುದು. ಹೆಸರು ಕಣ್ಣಿಗೆ ಕಂಡುದನ್ನು ಹೇಳಿ ಸುಮ್ಮನಾಗುತ್ತದೆ. ಅದರಲ್ಲಿ ಇತಿಹಾಸವೂ ಇಲ್ಲ, ಸುಳ್ಳೂ ಇಲ್ಲ.

ಮೆಕ್ಕೆಜೋಳವು ಬೇರೆ ಬಗೆಯದು. ಹಿಂದಿಯಲ್ಲಿ ಮಕ್ಕಾ ಮತ್ತು ಮಕಯಿ, ಮರಾಠಿಯಲ್ಲಿ ಮಕಾ, ತಮಿಳಿನಲ್ಲಿ ಮಕ್ಕಾಚ್ಚೋಳಂ, ತೆಲುಗಿನಲ್ಲಿ ಮೊಕ್ಕಜೊನ್ನ ಎಂಬ ರೂಪಗಳು ಇದರ ಬಳಗ. ಅರಬರ ಪುಣ್ಯಕ್ಷೇತ್ರವಾದ ಮಕ್ಕೆಯ ಹೆಸರು ಇದರಲ್ಲಿದೆಯೆಂದು ಸಾಮಾನ್ಯವಾಗಿ ಹೇಳುತ್ತಾರೆ. ಇದನ್ನು ಒಪ್ಪಿದರೂ ಕಾಳು ಮಕ್ಕೆಯಲ್ಲಿ ಹುಟ್ಟಿತೆಂದು ಸಿದ್ಧವಾಗುವುದಿಲ್ಲ. ಯೂರೋಪಿನವರ ತುರ್ಕಿ, ತುರ್ಕರ ಈಜಿಪ್ತ ಇವುಗಳ ಸಾಲಿಗೆ ಇನ್ನೊಂದು ಊರು ಸೇರಿತೆನ್ನಬೇಕು. ಅದಕ್ಕಿಂತಲೂ ಸ್ವಾರಸ್ಯವಾದುದು ಈ ಪದವು ದಕ್ಷಿಣದಲ್ಲಿ ಪಡೆದ ರೂಪಾಂತರ. ತೆಲುಗರ ಕಿವಿಗೆ ಅದು ಗಿಡವೆಂಬ ಅರ್ಥದ ಮೊಕ್ಕ ಎಂಬ ತಮ್ಮ ಮಾತಿನಂತೆ ಕೇಳಿಸಿತು. ಕನ್ನಡದಲ್ಲಿ ಹಾವುಮೆಕ್ಕೆ ಮೊದಲಾದ ಬಳ್ಳಿಗಳ ಹೆಸರಿನಲ್ಲಿರುವ ಮೆಕ್ಕೆಯೆಂಬ ದೇಶ್ಯಶಬ್ದವು ಮೊದಲೇ ಇದ್ದಿತು. ಮಕ್ಕಾ ಎಂಬುದು ಅದರ ಅಚ್ಚಿನಲ್ಲಿ ಬಿದ್ದು ಮೆಕ್ಕೆಯಾದಂತೆ ತೋರುತ್ತದೆ. ಅರ್ಥವಾಗದ ಪರಶಬ್ದವನ್ನು ಜನರು ತಮಗೆ ಅರ್ಥವಾಗುವ ಶಬ್ದದ ಹೋಲಿಕೆಗೆ ತಿದ್ದಿಕೊಳ್ಳುವರೆಂಬ ಈ ತತ್ತ್ವವನ್ನು ಮನಸ್ಸಿನಲ್ಲಿಟ್ಟುಕೊಂಡು ಗೋವಿನಜೋಳಕ್ಕೆ ಬರಬೇಕು.

6

‘ಗೋವಿನ’ ಎಂಬುದಕ್ಕೆ ಎರಡು ಅರ್ಥಗಳನ್ನು ಕಲ್ಪಿಸಬಹುದು: ಗೋವಿಗೆ, ಎಂದರೆ ಆಕಳಿಗೆ ಸಂಬಂಧಿಸಿದ ಜೋಳವೆಂಬುದು ಒಂದು, ಗೋವೆಯಿಂದ ಬಂದ ಜೋಳವೆಂಬುದು ಇನ್ನೊಂದು.

ವ್ಯಾಕರಣವು ಮೊದಲನೆಯದಕ್ಕೆ ಅನುಕೂಲ. ಉಕಾರಾಂತವಾದ ಗೋವು ಶಬ್ದಕ್ಕೆ ಷಷ್ಠಿಯಲ್ಲಿ ‘ಇನ್’ ಆಗಮವು ಬಂದು ಗೋವಿನ ಎಂದಾಗುವುದು. ಊರು ಊರಿನ, ಗುರು ಗುರುವಿನ ಎಂಬಂತೆ. ಗೋವೆಯಾದರೋ ಎಕಾರಾಂತ, ಮನೆ ಮನೆಯ ಎಂಬಂತೆ ಅದಕ್ಕೆ ಗೋವೆಯ ಎಂಬ ರೂಪವೇ ಸಾಧು. ಉತ್ತರದ ಆಡುನುಡಿಯಲ್ಲಿ ಎಕಾರವು ಇಕಾರವಾಗಿ ಮನೆಯು ಮನಿಯಾಗುವುದುಂಟು. ಆಗಲೂ ‘ಇನ್’ ಆಗಮಕ್ಕೆ ಎಡೆಯಿಲ್ಲ. ಅರ್ಥದ ದೃಷ್ಟಿಯಿಂದಲೂ ಇದಕ್ಕೆ ಸಾದೃಶ್ಯವುಂಟು. ಮೆಂತ್ಯದಂತೆ ಕಾಣುವ, ಕುದುರೆಗೆ ಹಾಕುವ ಮೇವಿನ ಸೊಪ್ಪನ್ನು ಕನ್ನಡಿಗರು ಕುದುರೆಮೆಂತ್ಯವೆನ್ನುವರು. ಜೋಳದಂತೆ ಬೆಳೆಯುವ, ದನಗಳಿಗೆ ಮೇವಾಗುವ ಬೆಳೆಯನ್ನು ಗೋವಿನಜೋಳವೆಂದಿರಬಹುದು.

ಆದರೆ ಇಲ್ಲಿ ಒಂದು ತೊಡಕಿದೆ. ಗೋವು ಸಂಸ್ಕೃತದಿಂದ ಬಂದ ಗೌರವದ ಮಾತು. ದಾನ, ಪೂಜೆ, ಪುರಾಣಗಳ ಸಂದರ್ಭದಲ್ಲಿ ಅದಕ್ಕೆ ಪ್ರಯೋಗವುಂಟು. ಕೊಟ್ಟಿಗೆಯಲ್ಲಿ, ಹೊಲದಲ್ಲಿ ಈ ಸೀಮೆಯ ಒಕ್ಕಲಿಗನು ಆಡುವುದು ಆಕಳು ಮತ್ತು ದನ ಎಂಬ ಮಾತುಗಳನ್ನು. ಮೇವಿನ ಬೆಳೆಗೆ ಆತನೇ ಹೆಸರಿಟ್ಟಿದ್ದರೆ ದನದಜೋಳವೆಂದೋ ಆಕಳಜೋಳವೆಂದೋ ಇಡುತ್ತಿದ್ದನಲ್ಲದೆ ಗೋವಿನಜೋಳವೆಂದು ಇಡುವುದು ಅಸಹಜ. ಕುದುರೆಮೆಂತ್ಯವನ್ನು ಯಾರೂ ಅಶ್ವಮೆಂತ್ಯವೆನ್ನಲಿಲ್ಲ. ಹೀಗೆ ವ್ಯಾಕರಣವು ಗೋವಿನ ಕಡೆಗೆ ಎಳೆದರೆ ಬಳಕೆಯ ಮರ್ಯಾದೆಯು ಅದರಿಂದ ದೂರಕ್ಕೆ ಎಳೆಯುತ್ತದೆ.

ಈ ತೊಡಕನ್ನು ಬಿಡಿಸಲು ಹಿಂದೆ ಹೇಳಿದ ತತ್ತ್ವವೇ ಸಾಧನ. ಘಟ್ಟದ ಕೆಳಗಿನಿಂದ ಬಂದ ಕಾಳು ಮೊದಲು ಗೋವೆಯಜೋಳವೆನಿಸಿಕೊಂಡು, ಅನಂತರ ಗೋವೆಯನ್ನು ಕಂಡರಿಯದ ಒಳನಾಡಿನಲ್ಲಿ ‘ಗೋವಿನ’ ಎಂಬ ಪರಿಚಿತ ರೂಪಕ್ಕೆ ಜಾರಿರಬಹುದು. ಆ ರೂಪವು ಎಷ್ಟು ಪರಿಚಿತವೆಂಬುದಕ್ಕೆ ಪುಣ್ಯಕೋಟಿಯ ಕಥೆಯನ್ನು ಹೇಳುವ ‘ಗೋವಿನ ಹಾಡು’ ಎಂಬ ಹೆಸರೊಂದೇ ಸಾಕು. ಓದುಬರೆಹ ಬಾರದವರ ಕಿವಿಗೂ ಅದು ಒಗ್ಗಿದ ಶಬ್ದ. ಮಕ್ಕಾ ಮೆಕ್ಕೆಯಾದಂತೆ ಗೋವೆಯ ಎಂಬುದು ಗೋವಿನ ಎಂದಾಗುವುದು ಅಸಂಭವವಲ್ಲ. ಇಂದಿನ ಆಡುಮಾತಿನಲ್ಲಿ ಈ ಶಬ್ದವು ಇನ್ನೂ ಸವೆದು ಗ್ವಾಂಜಾಳ, ಗೊಂಜಾಳ ಎಂಬ ರೂಪಗಳನ್ನು ತಾಳಿದೆ. ಅವುಗಳಲ್ಲಿ ಗೋವೂ ಇಲ್ಲ, ಗೋವೆಯೂ ಇಲ್ಲ.

ಇನ್ನೂ ಒಂದು ಸಂಗತಿಯನ್ನು ಇಲ್ಲಿ ಸೇರಿಸಬೇಕು. ಗೋವೆಯೆಂಬ ಊರಿನ ಹೆಸರಿನಲ್ಲಿಯೇ ಗೋವನ್ನು ಕಾಣುವ ಪರಂಪರೆಯು ಪ್ರಾಚೀನವಾದುದು. ಸಂಸ್ಕೃತ ಬರೆಹಗಳಲ್ಲಿ ಅದಕ್ಕೆ ಗೋಪಕಪಟ್ಟಣ, ಗೋಮಂತ ಎಂಬ ಹೆಸರುಗಳು. ಗೋವೆಯ ಕದಂಬರು ಕೊಂಕಣ 900, ಹಲಸಿಗೆ 12000 ಎಂಬ ನಾಡುಗಳನ್ನು ಆಳುತ್ತಿದ್ದಾಗ ಅದೇ ಕುಲನಾಮದ ಇನ್ನೊಂದು ಶಾಖೆಯು ಹಾನುಂಗಲ್ಲು 500ನ್ನು ಆಳುತ್ತಿದ್ದಿತು. ಹೀಗೆ ಪೋರ್ತುಗೀಸರಿಗಿಂತ ಶತಮಾನಗಳಷ್ಟು ಮುಂಚೆಯೇ ಈ ಸೀಮೆಗೆ ಗೋವೆಯ ಹೆಸರು ಪರಿಚಿತವಾಗಿದ್ದಿತು. ಆ ಹೆಸರಿಗೂ ಗೋವಿಗೂ ನಂಟನ್ನು ಕಲ್ಪಿಸುವ ಬುದ್ಧಿಯೂ ಹಳೆಯದಾಗಿದ್ದಿತು. ಆದಕಾರಣ ಎರಡು ಅರ್ಥಗಳ ನಡುವಣ ಅಂತರವು ಇಂದಿನ ವೈಯಾಕರಣನಿಗೆ ತೋರುವಷ್ಟು ದೊಡ್ಡದಾಗಿ ಅಂದಿನ ಜನರಿಗೆ ತೋರಿರಲಾರದು. ಇವೆಲ್ಲವನ್ನೂ ತೂಗಿ ನೋಡಿದರೆ, ಹೆಸರಿನ ಈಗಿನ ರೂಪವು ಗೋವಿನದೇ ಆದರೂ ಅದರ ಹಿಂದಿರುವುದು ಗೋವೆಯೆಂಬುದೇ ಹೆಚ್ಚು ಸಂಭಾವ್ಯವೆನಿಸುತ್ತದೆ. ಇದು ಸಂಭಾವ್ಯತೆಯ ಮಾತು. ಕಾಲನಿರ್ದೇಶವುಳ್ಳ ಹಳೆಯ ಲೆಕ್ಕಪತ್ರವೊಂದರಲ್ಲಿ ಗೋವೆಯಜೋಳವೆಂಬ ರೂಪವು ದೊರೆತಂದು ಇದು ಸಿದ್ಧಾಂತವಾಗುವುದು.

ಹೆಸರಿನ ಈಗಿನ ರೂಪವನ್ನೇ ನಂಬಿ ಅರ್ಥ ಹೇಳುವುದು ಎಷ್ಟು ಅಪಾಯಕರವೆಂಬುದನ್ನು ಈ ಸೀಮೆಯ ಊರುಗಳ ಹೆಸರುಗಳಲ್ಲಿಯೂ ಕಾಣಬಹುದು. ಸವಣೂರು ತಾಲ್ಲೂಕಿನ ಹತ್ತಿಮತ್ತೂರೆಂದೊಡನೆ ಹತ್ತಿಯ ಬೆಳೆಯು ನೆನಪಿಗೆ ಬರುವುದು ಸಹಜ; ಆ ಹತ್ತಿಗೆ ಹಿಂದೆ ಪರ್ತಿ, ಪತ್ತಿ ಎಂಬ ರೂಪಗಳಿದ್ದವು. ಆದರೆ ಅತ್ತಿಯ ಮರವೂ ಹಕಾರವನ್ನು ಹೊತ್ತು ಹತ್ತಿಯಂತೆ ಕೇಳಿಸಬಲ್ಲುದು. ಹಳೆಯ ರೂಪವನ್ನು ನೋಡದೆ ಇಂಥಲ್ಲಿ ತೀರ್ಮಾನಿಸುವುದು ವಿಹಿತವಲ್ಲ. ಈ ಹತ್ತಿಮತ್ತೂರಿನಲ್ಲಿಯೇ ರಾಷ್ಟ್ರಕೂಟ ಒಂದನೆಯ ಕೃಷ್ಣನ ಕಾಲದ, ಎಂದರೆ ಕ್ರಿ. ಶ. 8ನೆಯ ಶತಮಾನದ ಶಾಸನವು ದೊರೆತಿದ್ದು ಅದನ್ನು ಜೆ. ಎಫ್. ಫ್ಲೀಟರು ಪ್ರಕಟಿಸಿದ್ದಾರೆ. ಅಷ್ಟು ಹಳೆಯ ಬರೆಹವುಳ್ಳ ನೆಲದಲ್ಲಿಯೂ ಗೋವಿನಜೋಳವೆಂಬ ಶಬ್ದದ ವಯಸ್ಸು 500 ವರ್ಷಗಳನ್ನು ಮೀರದು. ಹಳೆಯ ನೆಲದಲ್ಲಿರುವ ಶಬ್ದವೆಲ್ಲವೂ ಹಳೆಯದಲ್ಲ.

7

ಈ ಕೊನೆಯ ಮಾತಿಗೆ ಆಕ್ಷೇಪವೂ ಹುಟ್ಟಿದೆ. ಸೋಮನಾಥಪುರದ ಕೇಶವ ದೇವಾಲಯದಲ್ಲಿಯೂ ಇತರ ಹೊಯ್ಸಳ ದೇವಾಲಯಗಳಲ್ಲಿಯೂ ಕೆಲವು ವಿಗ್ರಹಗಳ ಕೈಯಲ್ಲಿ ಸಾಲುಸಾಲಾಗಿ ಮಣಿಗಳನ್ನು ಜೋಡಿಸಿದಂತಿರುವ ಉದ್ದನೆಯ ವಸ್ತುವೊಂದಿದೆ. ಅದು ಈ ಧಾನ್ಯದ ತೆನೆಯೇ ಎಂದೂ, ಆದ್ದರಿಂದ ಕೊಲಂಬಸನಿಗಿಂತ ಮುಂಚೆ, 12-13ನೆಯ ಶತಮಾನಗಳಲ್ಲಿಯೇ ಅದು ಕನ್ನಡನಾಡಿನಲ್ಲಿದ್ದಿತೆಂದೂ ಕಾರ್ಲ್ ಜೊಹಾನ್ನೆಸೆನ್ ಮತ್ತು ಆ್ಯನ್ ಪಾರ್ಕರ್ ಎಂಬ ಅಮೆರಿಕದ ವಿದ್ವಾಂಸರು 1989ರಲ್ಲಿ ವಾದಿಸಿದರು. ಇದಕ್ಕೆ ಭಾರತದ ಸಸ್ಯವಿಜ್ಞಾನಿಗಳಾದ ಪಾಯಕ್ ಮತ್ತು ಸಚಾನ್ ಅವರು 1993ರಲ್ಲಿ ವಿವರವಾದ ಉತ್ತರವನ್ನು ಕೊಟ್ಟು, ಅದು ತೆನೆಯಲ್ಲ, ಮುತ್ತುಗಳಿಂದ ಕೂಡಿದ ಮುಕ್ತಾಫಲವೆಂಬ ಕಲ್ಪಿತ ಫಲವೆಂದು ಪ್ರತಿಪಾದಿಸಿದರು. ಬಹುಮಂದಿ ವಿದ್ವಾಂಸರು ಮೊದಲಿನ ವಾದವನ್ನು ಒಪ್ಪಿಲ್ಲ.

ಶಿಲ್ಪದ ವಿಷಯವು ಶಿಲ್ಪಜ್ಞರಿಗೂ ಸಸ್ಯಜ್ಞರಿಗೂ ಸೇರಿದ್ದು. ಆದರೆ ಭಾಷೆಯ ಕಡೆಯಿಂದ ಹೇಳಬಹುದಾದ ಮಾತೊಂದಿದೆ. ನವಣೆ, ಸಾಮೆ, ಹಾರಕ, ಸಜ್ಜೆ, ರಾಗಿ ಎಂದು ತನ್ನ ಒಂದೊಂದು ಕಾಳಿಗೂ ಪ್ರತ್ಯೇಕವಾದ ಹೆಸರನ್ನಿಟ್ಟುಕೊಂಡಿರುವ ಕನ್ನಡವು, ದೇವತೆಗಳ ಕೈಯಲ್ಲಿಡುವಷ್ಟು ಮಾನ್ಯವಾದ ಕಾಳಿಗೆ ಸ್ವತಂತ್ರನಾಮವನ್ನು ಕೊಡದೆ ಬಿಡುತ್ತಿತ್ತೆ? ಮೂರು ಸೀಮೆಗಳಲ್ಲಿ ಮೂರು ಹೆಸರುಗಳು, ಮೂರೂ ಸಮಾಸಗಳು, ಮೂರಕ್ಕೂ ಜೋಳವೇ ಆಶ್ರಯ. ಇದು ಬಹುಕಾಲದ ಬಳಕೆಯಿಂದ ಏಕರೂಪವನ್ನು ಪಡೆದ ಹೆಸರಿನ ಲಕ್ಷಣವಲ್ಲ. ಬೇರೆಬೇರೆ ದಾರಿಗಳಿಂದ ತಡವಾಗಿ ಬಂದ ವಸ್ತುವಿನ ಲಕ್ಷಣ. ಶಬ್ದಸಾಕ್ಷಿಯೊಂದರಿಂದಲೇ ವಾದವು ತೀರದಿದ್ದರೂ ಅದರ ಒಲವು ಯಾವ ಕಡೆಗೆಂಬುದು ಸಂಶಯಕ್ಕೆ ಎಡೆಯಿಲ್ಲದಂತೆ ತೋರುತ್ತದೆ.

8

ಬಹುಕಾಲ ಹಿತ್ತಿಲಿನ ಮತ್ತು ಹೊಲದ ಅಂಚಿನ ಬೆಳೆಯಾಗಿದ್ದ ಇದು 1961ರಲ್ಲಿ ಭಾರತದ ಮೊದಲ ಸಂಕರ ತಳಿಗಳು ಹೊರಬಂದ ಮೇಲೆ ಕ್ರಮವಾಗಿ ಹೊಲದ ನಡುವಿಗೆ ಬಂದಿತು. 1997ರಲ್ಲಿ ಧಾರವಾಡದಿಂದ ಬೇರ್ಪಟ್ಟು ರಚಿತವಾದ ಹಾವೇರಿ ಜಿಲ್ಲೆಯು ಇಂದು ರಾಜ್ಯದಲ್ಲಿ ಇದನ್ನು ಹೆಚ್ಚಾಗಿ ಬೆಳೆಯುವ ಜಿಲ್ಲೆಗಳಲ್ಲಿ ಒಂದು. ಕೋಳಿಗಳ ಆಹಾರಕ್ಕೂ ಪಿಷ್ಟದ ಕಾರ್ಖಾನೆಗಳಿಗೂ ಇಲ್ಲಿಯ ಕಾಳು ಹೋಗುತ್ತದೆ. ಆದರೂ ಈ ಸೀಮೆಯಲ್ಲಿ ವಿಶೇಷಣವಿಲ್ಲದೆ ಜೋಳವೆಂದರೆ ರೊಟ್ಟಿಯ ಜೋಳವೇ. ಹೊಲವನ್ನು ಆಕ್ರಮಿಸಿದ ಬೆಳೆಯು ಹೆಸರನ್ನು ಆಕ್ರಮಿಸಿಲ್ಲ. ಭಾಷೆಯು ಅದನ್ನು ಇನ್ನೂ ಎರಡನೆಯವನಾಗಿಯೇ ಕೂರಿಸಿದೆ.

ಬೆಳೆ ಹೆಚ್ಚಿದಂತೆ ಹೆಸರು ಕುಗ್ಗುವ ಭಯವೂ ಇದೆ. ಬೀಜದ ಚೀಲ, ಶಾಲೆಯ ಪಾಠ, ಬೆಲೆಯ ಪ್ರಕಟಣೆ ಇವುಗಳಲ್ಲಿ ಒಂದೇ ಹೆಸರನ್ನು ಬಳಸುವುದು ಅನುಕೂಲವೇ ಸರಿ. ಆದರೆ ಮೆಕ್ಕೆಜೋಳವು ಶುದ್ಧ, ಗೋವಿನಜೋಳವು ಗ್ರಾಮ್ಯ ಎಂಬ ಭಾವನೆಯು ವಿದ್ಯಾರ್ಥಿಗಳಲ್ಲಿ ಬೆಳೆಯುವುದು ಯುಕ್ತವಲ್ಲ. ಎರಡೂ ಸಮಾನವಾಗಿ ಜನರು ಕಟ್ಟಿದ ಹೆಸರುಗಳೇ. ಎರಡರಲ್ಲಿಯೂ ಪರಶಬ್ದವೊಂದು ದೇಶ್ಯದ ವೇಷವನ್ನು ತಾಳಿದಂತಿದೆ. ಒಂದು ಉತ್ತರದ ದಾರಿಯನ್ನೂ ಇನ್ನೊಂದು ಪಶ್ಚಿಮದ ದಾರಿಯನ್ನೂ ನೆನಪಿಸುತ್ತಿರುವಲ್ಲಿ, ಒಂದನ್ನು ಅಳಿಸಿದರೆ ಒಂದು ದಾರಿಯ ಗುರುತನ್ನೇ ಅಳಿಸಿದಂತಾಗುವುದು. ಟಾಯ್ನೊ ಜನರ ಮಾತು ಉಳಿದುದು ಸ್ಪೇನಿನವರು ಅದನ್ನು ಕೇಳಿದಂತೆಯೇ ಬರೆದಿಟ್ಟುದರಿಂದ. ಗೋವಿನಜೋಳ, ಗ್ವಾಂಜಾಳ, ಗೊಂಜಾಳ ಎಂಬ ರೂಪಗಳನ್ನು ಯಾವ ಊರಿನಲ್ಲಿ ಯಾವುದು ಎಂದು ಕೇಳಿದಂತೆಯೇ ಬರೆದಿಡುವ ಕೆಲಸವು ಕನ್ನಡದ ಅಧ್ಯಾಪಕರಿಂದ ಆಗತಕ್ಕದ್ದು. ಅವರ ತರಗತಿಗಳಲ್ಲಿ ಈ ಶಬ್ದವನ್ನು ಮನೆಯಲ್ಲಿ ಕೇಳಿ ಬಂದ ಮಕ್ಕಳು ಈಗಲೂ ಕುಳಿತಿದ್ದಾರೆ.